ಮಜಲಿಗೊಂದು ಬಾಜಾ

ಕಾರಹುಣ್ಣಿಮೆಯ ಸಂಜೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಯಾವುದಾದರೊಂದು ಹಳ್ಳಿಯ ಅಗಸಿ. ಬೆಳಿಗ್ಗೆಯೇ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿದ ಎತ್ತುಗಳು ಊರ ಹೊರಗೆ ಕಾದು ನಿಂತಿವೆ. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ‘ಕರಿ’ ಕಟ್ಟಿದೆ. ಹುಡುಗರು ಮಾಳಿಗೆಗಳ ಮೇಲೆ ಹತ್ತಿ ಕುಳಿತಿದ್ದಾರೆ. ಇಷ್ಟೆಲ್ಲ ಸಿದ್ಧವಾದರೂ ಓಟ ಆರಂಭವಾಗಬೇಕಾದರೆ ಇನ್ನೊಂದು ಬೇಕು. ಅದು ಹಲಗಿ. ಹಲಗಿಯ ಪೆಟ್ಟು ಏರಿದಂತೆ ಎತ್ತಿನ ಕಿವಿ ನಿಮಿರುತ್ತದೆ, ಹಗ್ಗ ಹಿಡಿದವನ ಕಾಲೂ ಚುರುಕಾಗುತ್ತದೆ. ಎತ್ತೂ ಓಡುತ್ತದೆ, ಮನುಷ್ಯನೂ ಓಡುತ್ತಾನೆ. ಕರಿ ಹರಿದ ಎತ್ತು ಬಿಳಿಯದಾಗಿದ್ದರೆ ಹಿಂಗಾರಿ ಬೆಳೆ, ಕೆಂದದಾಗಿದ್ದರೆ ಮುಂಗಾರಿ ಬೆಳೆ ಚೆನ್ನಾಗಿ ಬರುತ್ತದೆ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಎತ್ತಿನ ಹೆಸರು, ಎತ್ತಿನ ಒಡೆಯನ ಹೆಸರು ಆ ರಾತ್ರಿ ಊರೆಲ್ಲ ಓಡಾಡುತ್ತದೆ. ಹಲಗಿ ಬಾರಿಸಿದವರ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ಹಳ್ಳಿಯ ಓಟಕ್ಕೂ ಮಹಾನಗರಗಳ ಮ್ಯಾರಥಾನ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಈಗ ದೊಡ್ಡ ನಗರಗಳಲ್ಲಿ ನಡೆಯುವ ಓಟಗಳ ದಾರಿಯುದ್ದಕ್ಕೂ ವಾದ್ಯಗಳನ್ನು ನಿಲ್ಲಿಸುವುದು ಒಂದು ಪದ್ಧತಿಯೇ ಆಗಿದೆ. ಮುಂಬಯಿಯಲ್ಲಿ 2004ರಲ್ಲಿ, ಬೆಂಗಳೂರಿನಲ್ಲಿ 2008ರಲ್ಲಿ ಇಂಥ ದೊಡ್ಡ ಓಟಗಳು ಆರಂಭವಾದವು. ಅವುಗಳ ದಾರಿಯಲ್ಲಿ ಒಂದು ತಿರುವಿನಲ್ಲಿ ಡೊಳ್ಳು, ಇನ್ನೊಂದು ತಿರುವಿನಲ್ಲಿ ಗಿಟಾರ್ ಹಿಡಿದ ಯುವಕರ ತಂಡ, ಮತ್ತೊಂದೆಡೆ ಶಾಲಾ ಮಕ್ಕಳ ಬ್ಯಾಂಡು ಕಾಣುವುದು ಈಗ ವಿಶೇಷವೇನಲ್ಲ. ಇದು ವಿದೇಶದಿಂದ ಬಂದ ಹೊಸ ಷೋಕಿ ಎಂದು ಹಲವರು ತಿಳಿದಿದ್ದಾರೆ. ಓಟದ ಸ್ಪರ್ಧೆ ವಿದೇಶದ್ದು ನಿಜ. ಆದರೆ ಓಡುವವನ, ನಡೆಯುವವನ ಕಾಲಿಗೆ ದಾರಿಯಲ್ಲೇ ವಾದ್ಯದ ಬಲ ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಆ ಹಳೆಯ ಪದ್ಧತಿಯಲ್ಲಿ ಕಲಿಯಬೇಕಾದ ಪಾಠವೂ ಇದೆ, ತಿದ್ದಿಕೊಳ್ಳಬೇಕಾದ ತಪ್ಪೂ ಇದೆ.

ಮೌನದಿಂದ ಮೇಳದವರೆಗೆ

ಆಧುನಿಕ ಮ್ಯಾರಥಾನ್ ಹುಟ್ಟಿದ್ದು 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ. ಮರುವರ್ಷವೇ ಅಮೆರಿಕದ ಬಾಸ್ಟನ್‌ನಲ್ಲಿ ವಾರ್ಷಿಕ ಓಟ ಆರಂಭವಾಯಿತು. ಇಂದು ನಾವು ಕೇಳುವ 42.195 ಕಿಲೋಮೀಟರ್ ಎಂಬ ದೂರ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು. 1921ರಲ್ಲಿ ಅದು ಅಧಿಕೃತ ಅಳತೆಯಾಯಿತು. ಆ ಕಾಲದ ಮ್ಯಾರಥಾನ್ ಕೆಲವೇ ಮಂದಿ ಗಟ್ಟಿಗರ ಸ್ಪರ್ಧೆ. ದಾರಿಬದಿಯ ಜನ ಚಪ್ಪಾಳೆ ತಟ್ಟುತ್ತಿದ್ದರು, ಅಷ್ಟೆ. ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಮೊದಲ ಬಾರಿ ನಡೆದಾಗ ಓಡಿದ್ದು 127 ಮಂದಿ, ಅದೂ ಒಂದು ಉದ್ಯಾನದೊಳಗೆ ಸುತ್ತು ಹಾಕುತ್ತ. ಗುರಿ ಮುಟ್ಟಿದವರು 55 ಮಂದಿ ಮಾತ್ರ.

1976ರಲ್ಲಿ ಆ ಓಟವನ್ನು ಉದ್ಯಾನದಿಂದ ಹೊರತಂದು ನಗರದ ಐದೂ ಭಾಗಗಳ ಬೀದಿಗಳಲ್ಲಿ ಓಡಿಸಿದರು. ಓಟ ಜನರ ಮನೆಬಾಗಿಲಿಗೆ ಬಂದಿತು. ಮನೆಬಾಗಿಲಿಗೆ ಬಂದ ಉತ್ಸವಕ್ಕೆ ಜನ ಸುಮ್ಮನಿರುವರೇ? ಬ್ರೂಕ್ಲಿನ್‌ನ ಬಿಷಪ್ ಲಾಫ್ಲಿನ್ ಪ್ರೌಢಶಾಲೆಯ ಮಕ್ಕಳ ಬ್ಯಾಂಡು ತನ್ನ ಶಾಲೆಯ ಮುಂದೆ ನಿಂತು ‘ರಾಕಿ’ ಚಲನಚಿತ್ರದ ಧಾಟಿಯನ್ನು ನುಡಿಸತೊಡಗಿತು. ಓಟಗಾರರ ಸಾಲು ಮುಗಿಯುವವರೆಗೂ ಅದೇ ಒಂದು ಧಾಟಿಯನ್ನು ಗಂಟೆಗಟ್ಟಲೆ ಮತ್ತೆ ಮತ್ತೆ ನುಡಿಸುವುದು ಆ ಶಾಲೆಯ ಸಂಪ್ರದಾಯವೇ ಆಯಿತು. ಫ್ರಾನ್ಸಿನ ಮೆಡಾಕ್ ಪ್ರಾಂತದಲ್ಲಿ 1985ರಲ್ಲಿ ಆರಂಭವಾದ ಓಟವಂತೂ ದ್ರಾಕ್ಷಿತೋಟಗಳ ನಡುವಿನ ಜಾತ್ರೆಯಂತೆಯೇ ಇದೆ. ವೇಷ ಹಾಕಿದ ಓಟಗಾರರು, ದಾರಿಬದಿಯ ವಾದ್ಯಗೋಷ್ಠಿ ಎಲ್ಲವೂ ಅಲ್ಲುಂಟು.

ಇದನ್ನು ಒಂದು ವ್ಯವಸ್ಥೆಯಾಗಿ, ವ್ಯಾಪಾರವಾಗಿಯೂ ಮಾಡಿದ್ದು ಅಮೆರಿಕದ ಸ್ಯಾನ್ ಡಿಯಾಗೊ ನಗರ. ಟಿಮ್ ಮರ್ಫಿ ಎಂಬ ಸಂಘಟಕ 1998ರ ಜೂನ್ 21ರಂದು ‘ರಾಕ್ ಎನ್ ರೋಲ್ ಮ್ಯಾರಥಾನ್’ ನಡೆಸಿ, ಮೈಲಿಗೊಂದರಂತೆ ಸಂಗೀತ ತಂಡಗಳನ್ನು ನಿಲ್ಲಿಸಿದ. ಸುಮಾರು 20 ಸಾವಿರ ಮಂದಿ ಹೆಸರು ನೋಂದಾಯಿಸಿದ್ದರು. ಅಲ್ಲಿಂದ ಮುಂದೆ ಆ ಹೆಸರಿನ ಓಟಗಳು ಊರೂರಿಗೆ ಹಬ್ಬಿದವು. ಗೆಲ್ಲಲೆಂದಲ್ಲ, ಮುಗಿಸಲೆಂದು ಓಡುವ ಸಾಮಾನ್ಯ ಜನರಿಗೆ ಇಂಥ ಓಟ ಹಿಡಿಸಿತು. ಗಟ್ಟಿಗ ಓಟಗಾರ ಎರಡು ಗಂಟೆ ಚಿಲ್ಲರೆಯಲ್ಲಿ ಓಟ ಮುಗಿಸಿ ಮನೆಗೆ ಹೋಗುತ್ತಾನೆ. ಐದಾರು ಗಂಟೆ ಬಿಸಿಲಲ್ಲಿ ಬೇಯುವ ಗುಮಾಸ್ತ, ಶಿಕ್ಷಕಿ, ಅಂಗಡಿಕಾರ ಇವರಿಗಲ್ಲವೇ ದಾರಿಯಲ್ಲಿ ಆಸರೆ ಬೇಕಾದದ್ದು?

ಕಾಲಿಗೆ ತಾಳ ಏಕೆ ಬೇಕು?

ವಾದ್ಯ ಕೇಳಿದರೆ ದಣಿವು ಕಡಿಮೆಯಾಗುವುದು ನಿಜವೇ, ಅಥವಾ ಬರೀ ಭ್ರಮೆಯೇ? ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯಾರ್ಗಿಸ್ ಎಂಬ ವಿಜ್ಞಾನಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಸಾಧಾರಣ ವೇಗದ ವ್ಯಾಯಾಮದಲ್ಲಿ ಸಂಗೀತದಿಂದ ದಣಿವಿನ ಅನುಭವ ಸುಮಾರು ಶೇಕಡಾ 10ರಷ್ಟು ತಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ತೀರ ಕಠಿಣ ವೇಗಕ್ಕೆ ಹೋದಾಗ ಈ ಪರಿಣಾಮ ಕುಗ್ಗುತ್ತದೆ. ಆಗ ದೇಹದ ಕೂಗೇ ವಾದ್ಯದ ಸದ್ದನ್ನು ಮೀರುತ್ತದೆ. ಹೆಜ್ಜೆ ಮತ್ತು ತಾಳ ಒಂದಕ್ಕೊಂದು ಕೂಡಿದರೆ ಇನ್ನೂ ಲಾಭ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 2,000 ಮೀಟರ್ ಒಳಾಂಗಣ ಓಟದ ವಿಶ್ವದಾಖಲೆ ಮಾಡಿದಾಗ ತನ್ನ ಹೆಜ್ಜೆಗೆ ಒಪ್ಪುವ ‘ಸ್ಕ್ಯಾಟ್‌ಮನ್’ ಎಂಬ ಹಾಡನ್ನು ಕ್ರೀಡಾಂಗಣದಲ್ಲಿ ಹಾಕಿಸಿಕೊಂಡಿದ್ದ.

ಹಾಗಾದರೆ ಪ್ರತಿಯೊಬ್ಬನೂ ಕಿವಿಗೆ ತನ್ನದೇ ಯಂತ್ರ ಸಿಕ್ಕಿಸಿಕೊಂಡು ಓಡಿದರೆ ಸಾಲದೇ? ಅದರಿಂದ ಹಿಂದಿನಿಂದ ಬರುವವರ ಸದ್ದು, ಸ್ವಯಂಸೇವಕರ ಕೂಗು ಕೇಳದೆ ಅಪಾಯವಾಗಬಹುದೆಂದು ಅಮೆರಿಕದ ಅಥ್ಲೆಟಿಕ್ ಸಂಸ್ಥೆ ಸ್ವಲ್ಪ ಕಾಲ ಅದನ್ನು ನಿಷೇಧಿಸಿತ್ತು. 2008ರಲ್ಲಿ ಸಾಮಾನ್ಯ ಓಟಗಾರರ ಮಟ್ಟಿಗೆ ಆ ನಿಯಮವನ್ನು ಸಡಿಲಿಸಿತು. ಅಪಾಯದ ಮಾತು ಹಾಗಿರಲಿ. ಕಿವಿಯೊಳಗಿನ ಹಾಡು ಒಬ್ಬನಿಗೆ, ಬೀದಿಯ ಹಲಗಿ ಎಲ್ಲರಿಗೆ.

ನಿಂತ ವಾದ್ಯದ ಲೆಕ್ಕ

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 10 ಕಿಲೋಮೀಟರ್ ವೇಗದ ಓಟಗಾರ ಒಂದು ನಿಮಿಷಕ್ಕೆ ಸುಮಾರು 167 ಮೀಟರ್ ಸಾಗುತ್ತಾನೆ. ದಾರಿಬದಿಯ ವಾದ್ಯ ಮುಂದೆ 200 ಮೀಟರ್, ಹಿಂದೆ 200 ಮೀಟರ್ ಕೇಳಿಸುತ್ತದೆ ಎಂದುಕೊಂಡರೂ ಆತನಿಗೆ ದೊರೆಯುವುದು ಎರಡೂವರೆ ನಿಮಿಷಕ್ಕಿಂತ ಕಡಿಮೆ ಸಂಗೀತ. ಆದರೆ ನುಡಿಸುವವನ ಪಾಡೇನು? 30ನೇ ಕಿಲೋಮೀಟರಿನಲ್ಲಿ ನಿಂತ ತಂಡದ ಮುಂದೆ ಮೊದಲ ಓಟಗಾರ ಹಾಯುವುದು ಓಟ ಆರಂಭವಾದ ಸುಮಾರು ಒಂದೂವರೆ ಗಂಟೆಗೆ. ಆರು ಗಂಟೆಯಲ್ಲಿ ಓಟ ಮುಗಿಸುವವನು ಅದೇ ಜಾಗ ತಲುಪುವುದು ನಾಲ್ಕೂಕಾಲು ಗಂಟೆಗೆ. ಅಂದರೆ ಓಟಗಾರನ ಎರಡು ನಿಮಿಷದ ಉಲ್ಲಾಸಕ್ಕಾಗಿ ವಾದ್ಯದವನು ಮೂರು ಗಂಟೆಯ ಹತ್ತಿರ ಹತ್ತಿರ ಕೈ ಬಿಡದೆ ಬಾರಿಸಬೇಕು. ಮೊದಲು ಬರುವ ವಿಜೇತನಿಗೆ ಆ ಸದ್ದಿನ ಅಗತ್ಯ ಅಷ್ಟಿಲ್ಲ. ಕೊನೆಗೆ ಕಾಲೆಳೆಯುತ್ತ ಬರುವವನಿಗೆ ಅದು ಅತ್ಯಗತ್ಯ. ವಾದ್ಯದವನ ತೋಳು ಸೋಲುವುದೂ ಅದೇ ಹೊತ್ತಿಗೆ.

ನಮ್ಮ ಹಿರಿಯರು ಈ ತೊಡಕಿಗೆ ಬೇರೆ ದಾರಿ ಕಂಡುಕೊಂಡಿದ್ದರು. ಅವರ ವಾದ್ಯ ನಿಲ್ಲುತ್ತಿರಲಿಲ್ಲ, ಜನರ ಜೊತೆಗೇ ನಡೆಯುತ್ತಿತ್ತು.

ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವ ದಿಂಡಿಗಳನ್ನು ನೋಡಿರಿ. ವೀಣೆ ಹಿಡಿದವನು, ಮೃದಂಗದವನು, ತಾಳ ಹಿಡಿದವರು ದಿಂಡಿಯೊಳಗೇ ಇರುತ್ತಾರೆ. ಹಾಡುವವರೂ ನಡೆಯುವವರೂ ಬೇರೆ ಬೇರೆಯಲ್ಲ. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಕಿಯ ದಾರಿಯಲ್ಲಿ ‘ರಿಂಗಣ’ ಎಂಬ ಆಚರಣೆಯಿದೆ. ವಿಶಾಲ ಬಯಲಿನಲ್ಲಿ ಜನ ದುಂಡಗೆ ನಿಲ್ಲುತ್ತಾರೆ. ಪತಾಕೆ ಹಿಡಿದವರು, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು, ಮೃದಂಗದವರು, ವೀಣೆಯವರು ಸರದಿಯಂತೆ ಆ ವೃತ್ತದಲ್ಲಿ ಓಡುತ್ತಾರೆ, ಕುದುರೆಯೂ ಓಡುತ್ತದೆ. ವಾದ್ಯ ಹೊತ್ತವನೇ ಓಟಗಾರನಾಗುವ ಇಂಥ ಓಟ ಬೇರೆಲ್ಲಿ ಸಿಕ್ಕೀತು?

ಉತ್ತರ ಕರ್ನಾಟಕದ ‘ಕರಡಿ ಮಜಲು’ ಎಂಬ ವಾದ್ಯಮೇಳದ ಹೆಸರನ್ನೂ ಇಲ್ಲಿ ನೆನೆಯಬೇಕು. ಮೇಳದ ಮುಖ್ಯ ಚರ್ಮವಾದ್ಯ ಕರಡಿ. ಜೊತೆಗೆ ಶಹನಾಯಿ, ತಾಳ. ‘ಮಜಲು’ ಎಂದರೆ ಪಯಣದ ಒಂದು ಹಂತ, ಒಂದು ತಂಗುದಾಣದಿಂದ ಇನ್ನೊಂದಕ್ಕಿರುವ ದೂರ. ಅರಬ್ಬಿಯ ‘ಮಂಜಿಲ್’ ಎಂಬ ಮಾತು ಹಿಂದೂಸ್ತಾನಿಯ ಮೂಲಕ ಕನ್ನಡಕ್ಕೆ ಬಂದು ಈ ರೂಪ ತಾಳಿತು. ದೂರವನ್ನು ಅಳೆಯುವ ಮಾತು ಒಂದು ವಾದ್ಯಮೇಳದ ಹೆಸರಿಗೆ ಸೇರಿಕೊಂಡಿರುವುದು ಗಮನಾರ್ಹ. ಸ್ಯಾನ್ ಡಿಯಾಗೊದಲ್ಲಿ ಮೈಲಿಗೊಂದು ತಂಡ ಎಂದು ಲೆಕ್ಕ ಹಾಕುವ ಎಷ್ಟೋ ಮೊದಲೇ ನಮ್ಮಲ್ಲಿ ಮಜಲೂ ವಾದ್ಯವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಮೊಹರಮ್ಮಿನ ಬೀದಿ

ನಿಂತ ವಾದ್ಯ ಮತ್ತು ನಡೆಯುವ ವಾದ್ಯ ಎರಡನ್ನೂ ಒಟ್ಟಿಗೆ ಕಾಣಬೇಕಾದರೆ ಈ ಸೀಮೆಯ ಮೊಹರಂ ನೋಡಬೇಕು. ಸೇಡಂ ತಾಲ್ಲೂಕಿನ ಆಡಕಿ, ಮಳಖೇಡದಿಂದ ಹಿಡಿದು ವಾಡಿ, ಶಹಾಬಾದ್‌ಗಳವರೆಗೆ ಈ ಭಾಗ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ವಾಡಿಯಿಂದ ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ ಹೋಗುವ ರೈಲು ದಾರಿ 1874ರಷ್ಟು ಹಳೆಯದು. ಕನ್ನಡ, ಉರ್ದು, ತೆಲುಗು, ಮರಾಠಿ ಒಂದರ ನೆರಳಲ್ಲಿ ಒಂದು ಬೆಳೆದ ನೆಲ ಇದು. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಮೊಹರಂ ಹಿಂದೂಗಳಿಗೂ ಮುಸಲ್ಮಾನರಿಗೂ ಕೂಡಿದ ಹಬ್ಬ. ಮುಸ್ಲಿಂ ಮನೆಯೇ ಇಲ್ಲದ ಊರಲ್ಲೂ ದೇವರು ಕೂರಿಸುವುದುಂಟು.

ಅಲಾಯಿ ಕುಣಿಯ ಸುತ್ತ ಗೆಜ್ಜೆ ಕಟ್ಟಿದವರು ಹೆಜ್ಜೆ ಹಾಕುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಿಗೆ ಹೆಜ್ಜೆಯೇ ತಾಳ. ಇಲ್ಲಿ ಹಲಗಿ ನಿಂತು ನುಡಿಯುತ್ತದೆ. ಅನಂತರ ಪೀರಗಳು ಏಳುತ್ತವೆ. ದೇವರು ಹಿಡಿದವನು ಬೀದಿಯಲ್ಲಿ ಓಡತೊಡಗುತ್ತಾನೆ, ಇನ್ನೊಂದು ಓಣಿಯ ದೇವರನ್ನು ಭೇಟಿಯಾಗಲು ಧಾವಿಸುತ್ತಾನೆ. ಆಗ ಹಲಗಿಯವರೂ ಅವನ ಮುಂದೆ, ಪಕ್ಕದಲ್ಲಿ ಬಾರಿಸುತ್ತಲೇ ಓಡುತ್ತಾರೆ. ಹಲಗಿ ಹಗುರವಾದ ವಾದ್ಯ. ಹೆಗಲಿಗೆ ತೂಗುಹಾಕಿಕೊಂಡು ಒಂದು ದಪ್ಪ ಕೋಲು, ಒಂದು ತೆಳು ಕಡ್ಡಿ ಹಿಡಿದರೆ ಎಲ್ಲಿಗಾದರೂ ಓಡಬಹುದು. ಸದ್ದಾದರೋ ಊರ ಹೊಲದವರೆಗೆ ಕೇಳುತ್ತದೆ. ಚರ್ಮ ಸಡಿಲಾದರೆ ಸೊಪ್ಪೆ ಕಣಿಕೆಯ ಬೆಂಕಿಗೆ ಹಿಡಿದು ಕಾಯಿಸಿದರಾಯಿತು. ಮೈಕು, ಕರೆಂಟು ಯಾವುದೂ ಬೇಡ. ಬಯಲಿನ ಓಟಕ್ಕೆ ಇದಕ್ಕಿಂತ ತಕ್ಕ ವಾದ್ಯವನ್ನು ಹುಡುಕುವುದು ಕಷ್ಟ.

ಬಾರಿಸಿದವರು ಯಾರು?

ಆದರೆ ಇಲ್ಲಿಯೇ ನಾವು ನಿಂತು ಯೋಚಿಸಬೇಕಾದ ಮಾತಿದೆ. ಈ ಹಲಗಿಯನ್ನು ಯಾರು ಬೇಕಾದರೂ ಬಾರಿಸುತ್ತಿರಲಿಲ್ಲ. ಸತ್ತ ದನದ ಚರ್ಮ ಹದಮಾಡಿ, ಹಲಗಿ ಕಟ್ಟಿ, ಬಾರಿಸುವ ಕೆಲಸವನ್ನು ಊರು ದಲಿತ ಮನೆತನಗಳ ಮೇಲೆ ಹೊರಿಸಿತ್ತು. ಜಾತ್ರೆಗೆ, ಮೆರವಣಿಗೆಗೆ, ಹೆಣಕ್ಕೆ, ಡಂಗುರಕ್ಕೆ ಅವರೇ ಬರಬೇಕು. ಬರಲಾರೆ ಎನ್ನುವ ಸ್ವಾತಂತ್ರ್ಯ ಇರಲಿಲ್ಲ. ಪ್ರತಿಫಲ ಸುಗ್ಗಿಯಲ್ಲಿ ಕಣದ ಕೊನೆಗೆ ದೊರೆಯುವ ಆಯದ ಕಾಳು. ದೇವರ ಮುಂದೆ ಓಡುವ ಹಲಗಿಯವನಿಗೆ ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಅವನ ಸದ್ದು ಬೇಕಿತ್ತು, ಅವನು ಬೇಕಿರಲಿಲ್ಲ.

ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾನೂನು ಕರ್ನಾಟಕದಲ್ಲಿ 1961ರಲ್ಲಿ ಬಂದಿತು. ಕಾನೂನು ಬಂದೊಡನೆ ರೂಢಿ ಹೋಗಲಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳವಳಿ ಹಬ್ಬಿದಾಗ ಎರಡು ಬಗೆಯ ಉತ್ತರಗಳು ಕಾಣಿಸಿಕೊಂಡವು. ಬಿಟ್ಟಿ ಚಾಕರಿಯ ಗುರುತಾದ ಈ ವಾದ್ಯವನ್ನು ಇನ್ನು ಮುಟ್ಟುವುದೇ ಇಲ್ಲ ಎಂದು ಹಲವು ಊರುಗಳ ಯುವಕರು ಕೋಲು ಕೆಳಗಿಟ್ಟರು. ಹಾಗೆ ಕೆಳಗಿಟ್ಟದ್ದಕ್ಕೆ ಬಹಿಷ್ಕಾರ ಉಂಡವರೂ ಇದ್ದಾರೆ. ಇನ್ನು ಕೆಲವರು ಅದೇ ವಾದ್ಯವನ್ನು ಜಾಥಾದ ಮುಂದೆ, ಹೋರಾಟದ ಹಾಡಿನ ಜೊತೆ ಬಾರಿಸಿದರು. ಊರಿಗಾಗಿ ಬಾರಿಸುತ್ತಿದ್ದುದನ್ನು ತಮಗಾಗಿ ಬಾರಿಸಿದರು. ಎರಡೂ ಸ್ವಾಭಿಮಾನದ ಉತ್ತರಗಳೇ. ‘ಕಲೆ ನಶಿಸುತ್ತಿದೆ’ ಎಂದು ಮರುಗುವ ನಾವು ಕೋಲು ಕೆಳಗಿಟ್ಟವನ ನೋವನ್ನೂ ತಿಳಿಯಬೇಕು.

ದಕ್ಷಿಣದ ಜಿಲ್ಲೆಗಳಲ್ಲಿ ಇದೇ ಕುಲದ ವಾದ್ಯಕ್ಕೆ ತಮಟೆ ಎನ್ನುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ತಲೆಮಾರುಗಳ ಕಾಲ ಹೆಸರಿಲ್ಲದೆ ನುಡಿದ ಚರ್ಮಕ್ಕೆ ರಾಷ್ಟ್ರಪತಿ ಭವನದಲ್ಲಿ ಒಂದು ಹೆಸರು ದೊರೆಯಿತು. ಈ ಗೌರವ ಸಣ್ಣದಲ್ಲ. ಆದರೆ ಒಬ್ಬರಿಗೆ ದೊರೆತ ಪ್ರಶಸ್ತಿ ಸಾವಿರಾರು ಮಂದಿಯ ದಿನಗೂಲಿಯ ಪ್ರಶ್ನೆಯನ್ನು ಬಗೆಹರಿಸಲಾರದು.

ಹೊಸ ಓಟ, ಹಳೆಯ ಋಣ

ಈಗ ಮ್ಯಾರಥಾನ್‌ಗೆ ಮರಳೋಣ. 2014ರಿಂದ ಅಕ್ಟೋಬರ್ 31ರ ಸುಮಾರಿಗೆ ದೇಶದ ಊರೂರುಗಳಲ್ಲಿ ಏಕತಾ ಓಟ ನಡೆಯುತ್ತಿದೆ. ಆರೋಗ್ಯಕ್ಕೆಂದು, ಜಾಗೃತಿಗೆಂದು ನಡೆಯುವ ಓಟಗಳೂ ಹೆಚ್ಚುತ್ತಿವೆ. ಓಟ ಬಂದಲ್ಲಿ ಸದ್ದೂ ಬರುತ್ತದೆ. ಆ ಸದ್ದು ಯಾವುದಾಗಬೇಕು ಎಂಬುದೇ ಪ್ರಶ್ನೆ. ಸುಲಭದ ದಾರಿ ಎಂದರೆ ಲಾರಿಯ ಮೇಲೆ ಡಿ.ಜೆ. ಪೆಟ್ಟಿಗೆಗಳನ್ನು ಹೇರಿ ಮುಂದೆ ಕಳುಹಿಸುವುದು. ಎದೆ ನಡುಗಿಸುವ ಆ ಯಂತ್ರಕ್ಕೆ ದಣಿವಿಲ್ಲ ನಿಜ, ಆದರೆ ದಣಿದವನ ಮುಖ ನೋಡಿ ತಾಳ ಬದಲಿಸುವ ಬುದ್ಧಿಯೂ ಅದಕ್ಕಿಲ್ಲ. ಹಲಗಿಯವನು ಬಸವಳಿದು ಬರುವವನನ್ನು ಕಂಡರೆ ಎರಡು ಹೆಜ್ಜೆ ಮುಂದೆ ಬಂದು ಪೆಟ್ಟು ಏರಿಸುತ್ತಾನೆ.

ಇನ್ನೊಂದು ಪಕ್ಷವನ್ನೂ ಮರೆಯಬಾರದು. ಓಟಗಳು ನಸುಕಿನಲ್ಲೇ ಆರಂಭವಾಗುತ್ತವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. 2010ರ ತಿದ್ದುಪಡಿಯ ನಂತರ ವಾದ್ಯಗಳಿಗೂ ಅದು ಅನ್ವಯಿಸುತ್ತದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ಜಾಗವನ್ನು ಶಾಂತವಲಯವೆಂದು ಘೋಷಿಸಬಹುದು. ಓಡುವವನ ಉಲ್ಲಾಸಕ್ಕೆಂದು ಮಲಗಿದ ರೋಗಿಯನ್ನು ಎಬ್ಬಿಸುವುದು ನ್ಯಾಯವಲ್ಲ. ಎಲ್ಲಿ ನುಡಿಸಬೇಕು ಎಂಬಷ್ಟೇ ಎಲ್ಲಿ ಸುಮ್ಮನಿರಬೇಕು ಎಂಬುದೂ ದಾರಿಯ ಸಂಗೀತದ ಭಾಗ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನುಡಿಸುವವನ ಸ್ಥಾನ. ಓಟಗಾರನ ಎದೆಗೆ ಒಂದು ಸಂಖ್ಯೆ ಅಂಟಿಸುತ್ತೇವೆ. ಅವನ ಸಮಯವನ್ನು ಸೆಕೆಂಡುಗಳಲ್ಲಿ ಬರೆದಿಡುತ್ತೇವೆ. ದಾರಿಯಲ್ಲಿ ನೀರು, ಬಾಳೆಹಣ್ಣು, ವೈದ್ಯರು, ಕೊನೆಗೆ ಕೊರಳಿಗೆ ಪದಕ ಎಲ್ಲವೂ ಉಂಟು. ಅವನಿಗಾಗಿ ಮೂರು ಗಂಟೆ ತೋಳೆತ್ತಿದವನಿಗೆ ಏನುಂಟು? ಅವನನ್ನು ಒಪ್ಪಿಸಿ ಕರೆಯಲಾಯಿತೋ, ಬಾ ಎಂದು ಹೇಳಿ ಕಳುಹಿಸಲಾಯಿತೋ? ಸಂಭಾವನೆ ಅಂದೇ ಕೈಗೆ ಬಂದಿತೋ, ಆರು ತಿಂಗಳು ಅಲೆಯಬೇಕಾಯಿತೋ? ಕುಡಿಯಲು ನೀರು, ನಿಲ್ಲಲು ನೆರಳು, ಸರದಿಯ ಮೇಲೆ ಬಾರಿಸಲು ಎರಡನೇ ತಂಡ ಇತ್ತೋ? ಓಟದ ಕರಪತ್ರದಲ್ಲಿ ತಂಡದ ಹೆಸರು, ಊರಿನ ಹೆಸರು ಅಚ್ಚಾಯಿತೋ? ಇವು ಖರ್ಚಿನ ಪ್ರಶ್ನೆಗಳಂತೆ ಕಂಡರೂ ಚರಿತ್ರೆಯ ಪ್ರಶ್ನೆಗಳು. ಇವಕ್ಕೆ ಸರಿಯಾದ ಉತ್ತರ ದೊರೆಯದಿದ್ದರೆ ಹಳ್ಳಿಯ ಬಿಟ್ಟಿ ಚಾಕರಿಯೇ ಬಣ್ಣದ ಅಂಗಿ ತೊಟ್ಟು ನಗರದ ಬೀದಿಗೆ ಬಂದಂತೆ ಆಗುತ್ತದೆ.

ಕಾರಹುಣ್ಣಿಮೆಯ ಅಗಸಿಯಲ್ಲಿ ಗೆದ್ದ ಎತ್ತಿಗೆ ಆರತಿ ಎತ್ತುತ್ತಾರೆ. ಅದೇ ಹೊತ್ತಿಗೆ ಹಲಗಿಯವರು ಬೀದಿಯ ಅಂಚಿಗೆ ಸರಿದು, ಕಣಿಕೆಯ ಬೆಂಕಿಯ ಮುಂದೆ ಕುಳಿತು ಚರ್ಮ ಕಾಯಿಸುತ್ತಿರುತ್ತಾರೆ; ಮೆರವಣಿಗೆ ಇನ್ನೂ ಬಾಕಿ ಇರುತ್ತದೆ. ಮುಂದಿನ ಸಲ ಓಟವನ್ನೋ ಮೆರವಣಿಗೆಯನ್ನೋ ನೋಡಲು ಹೋದವರು ಎತ್ತಿನ ಹೆಸರು ಕೇಳಿದ ಮೇಲೆ ಆ ಬೆಂಕಿಯ ಬಳಿಗೂ ನಾಲ್ಕು ಹೆಜ್ಜೆ ನಡೆದು ಅವರ ಹೆಸರನ್ನೂ ಕೇಳಬಹುದು.